ಸೈಕಲ್‌ನಲ್ಲಿ ಕಲ್ಹಟ್ಟಿ ಘಾಟಿ ಹತ್ತೋಕೆ 11-28 ಗೇರ್ ಸಾಕಾ?

ಟೂರ್ ಆಫ್ ನೀಲಗಿರಿಸ್ ಅನ್ನೋ ಹಲವು ದಿನಗಳ ಸೈಕಲ್ ಯಾತ್ರೆಗೆ ನಾಲ್ಕು ಜನ ಹೊರಟಿದ್ದೀವಿ. ಮುಂದಿನ ಹಲ್ಲುಚಕ್ರಗಳು 52/36 ಹಲ್ಲು, ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗುಚ್ಛ) 11-28 ಹಲ್ಲು, ಗೇರ್ ಬದಲಿಸೋ ಹಿಂದಿನ ಡಿರೈಲರ್ ಶಿಮಾನೋ ಅಲ್ಟೆಗ್ರಾ ಆರ್8000, ಚಿಕ್ಕ ಕೇಜ್ (ಚೈನ್ ಬಿಗಿ ಹಿಡಿಯೋ ತೋಳು). ಮಸಿನಗುಡಿಯಿಂದ ಊಟಿಗೆ ಆ 36 ತಿರುವು ಹತ್ತಬಹುದಾ?

ಉತ್ತರ 1:
ಸಾಲದು ಸರ್. ನಿಮ್ಮ ಅತಿ ಹಗುರ ಗೇರ್ 36/28ರಲ್ಲಿ ನಿಮಿಷಕ್ಕೆ 70 ಸುತ್ತು ತುಳಿದರೆ ವೇಗ ಗಂಟೆಗೆ ಸುಮಾರು 11 ಕಿ.ಮೀ. ಸೈಕಲ್ ಸೇರಿ 80 ಕೆ.ಜಿ. ಇದ್ದರೆ ಶೇ 10ರ ಏರಿನಲ್ಲಿ ಅದಕ್ಕೆ ಹತ್ತಿರ ಹತ್ತಿರ 260 ವಾಟ್ ಬೇಕು. ಹಿಂದೆ 34 ಹಲ್ಲಿನದು ಹಾಕಿದರೆ ಅಷ್ಟೇ ಸುತ್ತು ತುಳಿದರೂ ವೇಗ ಇಳಿದು 215 ವಾಟ್‌ನಲ್ಲಿ ಮುಗಿಯುತ್ತೆ. ಒಂದೇ ದಿನದ ರೇಸಾಗಿದ್ದರೆ ಹಲ್ಲು ಕಚ್ಚಿ ಹತ್ತಬಹುದಿತ್ತು; ಇಲ್ಲಿ ಮಾರನೇ ದಿನವೂ ಅದೇ ಕಾಲಲ್ಲಿ ತುಳಿಯಬೇಕಲ್ಲ.

ಉತ್ತರ 2:
ಬರೀ ಕ್ಯಾಸೆಟ್ ಬದಲಿಸಬೇಡಿ. ಚಿಕ್ಕ ಕೇಜ್‌ನ ಮಿತಿ 30 ಹಲ್ಲು. 34ಕ್ಕೆ ಉದ್ದ ಕೇಜಿನ ಜಿಎಸ್ ಡಿರೈಲರ್, ಹೊಸ ಚೈನ್ ಎರಡೂ ಬೇಕು. ಹಳೇ ಚೈನ್ ಗಿಡ್ಡವಾಗುತ್ತೆ, ಚೈನ್ ಮುಂದೆಯೂ ಹಿಂದೆಯೂ ದೊಡ್ಡ ಚಕ್ರಕ್ಕೆ ಬಿದ್ದಾಗ ಡಿರೈಲರೇ ಕಿತ್ತು ಬರಬಹುದು. ಡಿರೈಲರಿನ ಮೇಲಿನ ಪುಟ್ಟ ಚಕ್ರ (ಜಾಕಿ ವೀಲ್) 34ಕ್ಕೆ ಉಜ್ಜಿ ಗರಗರ ಅಂದರೆ ಅವೆರಡರ ಅಂತರ ಹೊಂದಿಸೋ ಬಿ-ಸ್ಕ್ರೂ ಸ್ವಲ್ಪ ಸ್ವಲ್ಪವೇ ಒಳಗೆ ತಿರುಗಿಸಿ.

ಉತ್ತರ 3:
ಗೇರ್ ಜೊತೆ ಊಟವನ್ನೂ ನೋಡಿಕೊಳ್ಳಿ. ಗಂಟೆಗೆ 60 ಗ್ರಾಂ ಕಾರ್ಬೋಹೈಡ್ರೇಟ್, ಘಾಟಿ ಶುರುವಾಗೋ ಮೊದಲೇ. ಏರಿನಲ್ಲಿ ಏದುಸಿರು ಬಿಡುತ್ತಾ ಅಗಿಯೋದು ಕಷ್ಟ.