ತುರ್ತು: 'ಎನ್ಸೆಂಬಲ್' ಚಿತ್ರಕ್ಕೆ ಕನ್ನಡದಲ್ಲಿ ಏನನ್ನೋಣ?

ಮೈಸೂರಿನಿಂದ:
ಗೆಳೆಯರೇ, ಭಾನುವಾರ ನಮ್ಮ ಬಡಾವಣೆಯಲ್ಲಿ 'ಶಾರ್ಟ್ ಕಟ್ಸ್' ತೋರಿಸುತ್ತಿದ್ದೇವೆ. ರಾಬರ್ಟ್ ಆಲ್ಟ್‌ಮನ್ 1993ರಲ್ಲಿ ಮಾಡಿದ್ದು, ಮೂರು ಗಂಟೆ ಮೀರಿದ ಚಿತ್ರ. ಕರಪತ್ರ ಇವತ್ತು ಸಂಜೆ 6ಕ್ಕೆ ಪ್ರೆಸ್ಸಿಗೆ ಹೋಗಬೇಕು. 'ಎನ್ಸೆಂಬಲ್ ಡ್ರಾಮಾ' (ಒಬ್ಬ ನಾಯಕನ ಬದಲು ಹಲವು ಪಾತ್ರಗಳಿಗೆ ಸಮಪಾಲು ಇರುವ ಚಿತ್ರ) ಅನ್ನುವುದಕ್ಕೆ ಎರಡು ಪದ ಕೊಡಿ, ಜಾಗ ಇರುವುದೇ ಅಷ್ಟು. ಕರಡಿನಲ್ಲಿ 'ಬಹುತಾರಾ ಚಿತ್ರ' ಅಂತ ಹಾಕಿದ್ದೇನೆ, ನನಗೇ ಹಿಡಿಸಿಲ್ಲ.

ನೋಡದವರಿಗೆ: ಊರು ಲಾಸ್ ಏಂಜಲಿಸ್. ಮುಖ್ಯ ಪಾತ್ರಗಳೇ 22, ಅದರಲ್ಲಿ ನಾಯಕ ಅಂತ ಯಾರೂ ಇಲ್ಲ. ರೇಮಂಡ್ ಕಾರ್ವರ್ ಬರೆದ, ಒಂದಕ್ಕೊಂದು ಸಂಬಂಧವೇ ಇಲ್ಲದ ಒಂಬತ್ತು ಕಥೆ, ಒಂದು ಕವಿತೆ ತಂದು ಒಂದೇ ಊರಿನೊಳಗೆ ಬಿಟ್ಟಿದ್ದಾರೆ. ಹೋಟೆಲಿನಲ್ಲಿ ಬಡಿಸುವ ಹೆಂಗಸಿನ ಕಾರು ಒಬ್ಬ ಹುಡುಗನಿಗೆ ತಾಗುತ್ತದೆ, ಅವನು ಎದ್ದು ತಾನೇ ಮನೆಗೆ ನಡೆದು ಹೋಗುತ್ತಾನೆ, ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಳ್ಳುತ್ತಾನೆ. ಅವಳಿಗೆ ಅದು ಕೊನೆಗೂ ಗೊತ್ತಾಗುವುದಿಲ್ಲ. ಇದೆಲ್ಲ ಎರಡು ಪದದಲ್ಲಿ ಬರಬೇಕು ಅಂತಲ್ಲ, ಆದರೂ.

ಧಾರವಾಡದಿಂದ:
ತಾರಾಗಣ ಅಂತ ಇದೆಯಲ್ರೀ. ಐವತ್ತು ವರ್ಷದಿಂದ ಪೋಸ್ಟರ್ ಮೇಲೆ ನೋಡುತ್ತಿದ್ದೇವೆ. ಇದ್ದದ್ದನ್ನು ಬಿಟ್ಟು ಹೊಸದು ಯಾಕೆ ಹುಡುಕಬೇಕು?

ಮಂಡ್ಯದಿಂದ:
ತಾರಾಗಣ ಎಲ್ಲ ಚಿತ್ರಕ್ಕೂ ಇರುತ್ತದೆ ಸ್ವಾಮಿ, ಅದೇ ತೊಂದರೆ. ಇನ್ನು 'ಬಹುತಾರಾ' ಅಂದರೆ ಜನ ಮೂವರು ಹೀರೋ, ಆರು ಫೈಟು ಅಂದುಕೊಂಡು ಬರುತ್ತಾರೆ. ನಮ್ಮ 'ತಿಥಿ' ಚಿತ್ರವನ್ನೇ ನೋಡಿ. ನಟಿಸಿದವರು ಹಳ್ಳಿಯವರು, ಅದಕ್ಕೆ ಮುಂಚೆ ಕ್ಯಾಮರಾ ಮುಂದೆ ನಿಂತವರಲ್ಲ. ಅಲ್ಲಿ ತಾರೆ ಯಾರು, ಗಣ ಯಾವುದು? ಒಬ್ಬರನ್ನು ತೆಗೆದರೆ ಇಡೀ ಚಿತ್ರ ಕುಸಿಯುತ್ತದೆ, ಅದು ಅಲ್ವಾ ಎನ್ಸೆಂಬಲ್?

ಶಿವಮೊಗ್ಗದಿಂದ:
ಮೊದಲು ಬೇರು ನೋಡಿ. ಎನ್ಸೆಂಬಲ್ ಫ್ರೆಂಚಿನದು, ಅದರ ಹಿಂದೆ ಲ್ಯಾಟಿನ್ನಿನ 'ಇನ್‌ಸಿಮುಲ್'. ಹುರುಳು 'ಒಟ್ಟಿಗೆ' ಅಂತ, ಅಷ್ಟೇ. ತಾರೆಯೂ ಇಲ್ಲ, ಗಣವೂ ಇಲ್ಲ. 'ಕೂಡಾಟ' ಅನ್ನಿ. ಅಚ್ಚಗನ್ನಡ, ನಾಲ್ಕೇ ಅಕ್ಷರ ಕೂಡ ಆಗುವುದಿಲ್ಲ, ಮೂರೇ. ಮುಗಿಯಿತು.

ಉಡುಪಿಯಿಂದ:
ಮುಗಿಯಲಿಲ್ಲ ಮಾರಾಯ್ರೇ. ಕೂಡಾಟ ನಮ್ಮಲ್ಲಿ ಚಾಲ್ತಿಯಲ್ಲಿರುವ ಪದ. ಯಕ್ಷಗಾನದ ಎರಡು ಮೇಳದವರು ಒಂದೇ ರಂಗದಲ್ಲಿ ಆಡಿದರೆ ಕೂಡಾಟ, ಪಕ್ಕಪಕ್ಕದ ಎರಡು ರಂಗದಲ್ಲಿ ಪೈಪೋಟಿಗೆ ಬಿದ್ದು ಆಡಿದರೆ ಜೋಡಾಟ. ಅದರ ಮೇಲೆ ಚಿತ್ರಮಂದಿರದಲ್ಲಿ 'ಆಟ' ಅಂದರೆ ಷೋ. ಕರಪತ್ರದಲ್ಲಿ ಕೂಡಾಟ ಅಂತ ನೋಡಿದವರು ಒಂದು ಟಿಕೆಟ್ಟಿಗೆ ಎರಡು ಪಿಚ್ಚರ್ ಅಂದುಕೊಳ್ಳುತ್ತಾರೆ. (ಇನ್ನೊಂದು ಅರ್ಥವೂ ಹೊಳೆಯುತ್ತದೆ, ಬಿಡಿ, ಮಕ್ಕಳೂ ಬರುವ ಜಾಗ.) ನಿಮಗೆ ಬೇಕಾದ ಪದ ಮೇಳ. ಮುಮ್ಮೇಳ, ಹಿಮ್ಮೇಳ ಎರಡೂ ಸೇರಿ ಮೇಳ. ಭಾಗವತರಿಲ್ಲದೆ ವೇಷ ಇಲ್ಲ, ಚೆಂಡೆ ಇಲ್ಲದೆ ಕುಣಿತ ಇಲ್ಲ.

ಶಿವಮೊಗ್ಗದಿಂದ:
ಮೇಳ ಸಕ್ಕದ. 'ಮಿಲ್' ಅನ್ನುವ ಬೇರಿನಿಂದ ಬಂದದ್ದು. ಇಂಗ್ಲಿಶ್ ಓಡಿಸಲು ಸಕ್ಕದ ಕರೆದರೆ ಏನು ಬಂತು? ನಮ್ಮ ನುಡಿಗೆ ಸ್ವಂತ ಪದ ಕಟ್ಟುವ ಕಸುವಿಲ್ಲವೇ?

ಧಾರವಾಡದಿಂದ:
ನೀವು ಈಗ ಬರೆದ 'ಸ್ವಂತ', 'ಪದ' ಎರಡೂ ಯಾವ ಊರಿನವು ರೀ? ನಮ್ಮ ಕಡೆ ಗೀಗೀ ಮೇಳ, ಡೊಳ್ಳಿನ ಮೇಳ ಅಂತಾರೆ. ಹಾಡುವವರಿಗೆ ಅದು ಸಂಸ್ಕೃತ ಅಂತ ಯಾರೂ ಹೇಳಿಲ್ಲ. ಕುರ್ಚಿ, ರಸ್ತೆ, ಕಾಗದ ಎಲ್ಲಾ ವಾಪಸ್ ಕಳಿಸಿ ನೆಲದ ಮೇಲೆ ಕೂತು ಬರೆಯಿರಿ ಹಾಗಾದರೆ.

ಆದರೆ ಉಡುಪಿಯವರೇ, ನಿಮ್ಮ ಮಾತಿನಲ್ಲೂ ಒಂದು ತೊಡಕಿದೆ. ಈಚೆ ಬದಿಯಲ್ಲಿ ಮೇಳ ಅಂದರೆ ಕೃಷಿ ಮೇಳ, ಉದ್ಯೋಗ ಮೇಳ. 'ಮೇಳದ ಚಿತ್ರ' ಅಂದರೆ ಟ್ರ್ಯಾಕ್ಟರ್ ಪಕ್ಕದಲ್ಲಿ ಪರದೆ ಕಟ್ಟಿ ತೋರಿಸುವುದು ಅಂದುಕೊಂಡರೆ?

ಮಂಡ್ಯದಿಂದ:
'ಕಥಾಸಂಗಮ' ಅನ್ನಬಹುದಲ್ಲ? ಪುಟ್ಟಣ್ಣನವರದೇ ಇದೆ, 1976.

ಉಡುಪಿಯಿಂದ:
ಅದು ಬೇರೆ ಜಾತಿ. ಅದರಲ್ಲಿ ಮೂರು ಕಥೆ ಒಂದಾದ ಮೇಲೆ ಒಂದು ಬರುತ್ತವೆ, ಒಂದರ ಪಾತ್ರ ಇನ್ನೊಂದರ ಅಂಗಳಕ್ಕೆ ಕಾಲಿಡುವುದಿಲ್ಲ. ಇಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ದಾಟಿಕೊಂಡು ಹೋಗುತ್ತಾರೆ. ಅದನ್ನು ಹೇಳಲು 'ಹೆಣಿಗೆ' ಸರಿ. ಜಡೆ ಹೆಣೆದ ಹಾಗೆ ಕಥೆ ಹೆಣೆದಿದ್ದಾರೆ.

ಧಾರವಾಡದಿಂದ:
'ಹೆಣಿಗೆಯ ಚಿತ್ರ' ಅಂತ ದಪ್ಪ ಅಕ್ಷರದಲ್ಲಿ ಹಾಕಿ. ಮೊದಲ ಎರಡಕ್ಷರ ಓದಿದವರು ದೆವ್ವದ ಪಿಚ್ಚರ್ ಅಂತ ಬರುತ್ತಾರೆ.

ಮೈಸೂರಿನಿಂದ:
ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದರು, ಇನ್ನು ಕಾಯಲಾಗಲಿಲ್ಲ. ನಿಮ್ಮ ಜಗಳ ಓದುತ್ತಾ ನನಗೆ ಒಂದು ತಿಳಿಯಿತು: ನಾನು ಎರಡು ಸಂಗತಿಯನ್ನು ಒಂದೇ ಪದಕ್ಕೆ ತುರುಕಲು ಹೋಗಿದ್ದೆ. ನಟರು ಕೂಡಿ ಆಡುವುದು ಒಂದು, ಕಥೆಗಳು ಹೆಣೆದುಕೊಳ್ಳುವುದು ಇನ್ನೊಂದು. ಹಾಗಾಗಿ ಹೆಸರಿನ ಕೆಳಗೆ 'ಇಪ್ಪತ್ತೆರಡು ಜನ, ಒಂದು ಊರು' ಅಂತ ಹಾಕಿದೆ. ಎರಡು ಪದದ ಲೆಕ್ಕ ಹೋಯಿತು, ಅಕ್ಷರ ಚಿಕ್ಕದು ಮಾಡಿದರು. ವೆನಿಸ್ ಉತ್ಸವದಲ್ಲಿ ಈ ಚಿತ್ರಕ್ಕೆ ಚಿನ್ನದ ಸಿಂಹ ಬಂತಲ್ಲ, ಅದರ ಜೊತೆ ನಟನೆಗೆ ಅಂತ ಕೊಡುವ ವೋಲ್ಪಿ ಕಪ್ಪನ್ನು ಒಬ್ಬರಿಗೆ ಕೊಡದೆ ಎಲ್ಲ ನಟರಿಗೂ ಸೇರಿಸಿ ವಿಶೇಷವಾಗಿ ಕೊಟ್ಟರು. ಅಲ್ಲಿ 'ಇಡೀ ಮೇಳಕ್ಕೆ ಪ್ರಶಸ್ತಿ' ಅಂತ ಬರೆದೆ. ಆ ಸಾಲಿನಲ್ಲಿ ಯಾರಿಗೂ ಟ್ರ್ಯಾಕ್ಟರ್ ನೆನಪಾಗಲಾರದು.

ಶಿವಮೊಗ್ಗದಿಂದ:
ಪ್ರಶಸ್ತಿಯೂ ಸಕ್ಕದ.