ನಾಯಿಯ ಉಣ್ಣಿ ಡ್ರಾಪ್ಸ್ ಬೆಕ್ಕಿಗೂ ಹಾಕಬಹುದಾ?

ಪ್ರಶ್ನೆ:
ಮನೆಯಲ್ಲಿ 18 ಕೆಜಿ ನಾಯಿ, 3 ಕೆಜಿ ಬೆಕ್ಕು ಎರಡೂ ಇವೆ. ನಾಯಿಗೆ ಉಣ್ಣಿ ಹತ್ತಿದೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಜಾಸ್ತಿ. ಕತ್ತಿನ ಹಿಂದೆ ಹಾಕುವ ಡ್ರಾಪ್ಸ್ ತಂದಿದ್ದೇನೆ. ಅದರಲ್ಲೇ ನಾಲ್ಕು ಹನಿ ಬೆಕ್ಕಿಗೂ ಹಾಕಿದರೆ ನಡೆಯುತ್ತಾ? ಎರಡೂ ಒಂದೇ ಚಾಪೆ ಮೇಲೆ ಮಲಗುತ್ತವೆ.

ಉತ್ತರ 1:
ಮೊದಲು ಪ್ಯಾಕೆಟ್ಟಿನ ಹಿಂಬದಿ ಓದಿ. ಪರ್ಮೆಥ್ರಿನ್ (ಉಣ್ಣಿ ಕೊಲ್ಲುವ ಒಂದು ಕೀಟನಾಶಕ) ಅಂತ ಇದ್ದರೆ ಬೆಕ್ಕಿಗೆ ಒಂದು ಹನಿಯೂ ಬೇಡ. ಇದನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಮ್ಮಿ, ನಾಯಿಯ ಡ್ರಾಪ್ಸ್‌ನಲ್ಲೋ ಅದು ಬಹಳ ಗಟ್ಟಿಯಾಗಿರುತ್ತದೆ. ‘ಸ್ವಲ್ಪವೇ ಹಾಕಿದರಾಯ್ತು’ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಅಮಿತ್ರಾಜ್ ಇದ್ದರೂ ಅಷ್ಟೇ, ಬೆಕ್ಕಿನಿಂದ ದೂರ.

ಫಿಪ್ರೊನಿಲ್ ಬೆಕ್ಕಿಗೂ ಆಗುತ್ತದೆ. ಆದರೆ ಬೆಕ್ಕಿನದೇ ಟ್ಯೂಬ್ ತನ್ನಿ, ನಾಯಿಯದರಿಂದ ಅಳೆದು ಹಾಕಬೇಡಿ.

ಪ್ರಶ್ನೆ ಕೇಳಿದವರು:
ನೋಡಿದೆ. ಇಮಿಡಾಕ್ಲೋಪ್ರಿಡ್ ಮತ್ತು ಪರ್ಮೆಥ್ರಿನ್ ಎರಡೂ ಇವೆ. ನಾಯಿಗಾದರೂ ಹಾಕಲಾ?

ಉತ್ತರ 1:
ನಾಯಿಗೆ ತೊಂದರೆ ಇಲ್ಲ, ಆದರೆ ಹಾಕಿದ ಮೇಲೆ 72 ಗಂಟೆ ಬೆಕ್ಕನ್ನು ಬೇರೆ ಕೋಣೆಯಲ್ಲಿಡಿ. ಚಾಪೆಯೂ ಬೇರೆ. ಒಂದರ ಮೈ ಇನ್ನೊಂದು ನೆಕ್ಕುವ ಜೋಡಿಯಾದರೆ ನನ್ನ ಮಟ್ಟಿಗೆ ಈ ಔಷಧಿಯೇ ಬೇಡ. ಫ್ಲುರಲಾನರ್ ಥರದ ನುಂಗುವ ಮಾತ್ರೆ ಡಾಕ್ಟರ ಹತ್ತಿರ ಕೇಳಿ. ಕೂದಲ ಮೇಲೆ ಏನೂ ಉಳಿಯಲ್ಲ. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಅದನ್ನು ಮೊದಲೇ ಹೇಳಬೇಕು.

ಉತ್ತರ 2:
ಇದನ್ನು ಓದುವ ಹೊತ್ತಿಗೆ ಬೆಕ್ಕಿಗೆ ಹಾಕಿಬಿಟ್ಟವರೂ ಇರುತ್ತಾರೆ, ಅವರಿಗೆ: ಕಿವಿ ಅದುರುವುದು, ಪಂಜ ಕೊಡವುವುದು, ಜೊಲ್ಲು ಸುರಿಯುವುದು ಮೊದಲ ಗುರುತು, ಆಮೇಲೆ ಮೈನಡುಕ, ಫಿಟ್ಸ್. ಕೆಲವೇ ಗಂಟೆಯಲ್ಲಿ ಶುರುವಾಗಬಹುದು, ಮೂರು ದಿನ ತಡವಾಗಿಯೂ ಬರಬಹುದು. ಬೆಕ್ಕು ಆರಾಮಾಗಿ ಕೂತಿದೆ ಅಂತ ಕಾಯಬೇಡಿ.

ಡಾಕ್ಟರಿಗೆ ಫೋನ್ ಮಾಡಿ. ನಡುಕ ಇನ್ನೂ ಇಲ್ಲದಿದ್ದರೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೆಯಿರಿ. ಔಷಧಿ ಎಣ್ಣೆಯಂತೆ ಅಂಟಿರುತ್ತದೆ, ಬರೀ ನೀರಿಗೆ ಹೋಗಲ್ಲ. ಬಿಸಿ ನೀರಾದರೆ ಚರ್ಮದೊಳಗೆ ಇನ್ನೂ ಬೇಗ ಇಳಿಯುತ್ತದೆ. ತಣ್ಣೀರಲ್ಲಿ ಮೈ ತಣ್ಣಗಾಗಿ ನಡುಕ ಹೆಚ್ಚುತ್ತದೆ. ಒರೆಸಿ, ಟವೆಲ್‌ನಲ್ಲಿ ಸುತ್ತಿ ಹೊರಡಿ. ಹಾಲು, ಎಣ್ಣೆ ಕುಡಿಸುವುದು, ವಾಂತಿ ಮಾಡಿಸುವುದು ಯಾವುದೂ ಬೇಡ. ನಡುಕ ಶುರುವಾಗಿದ್ದರೆ ತೊಳೆಯುತ್ತಾ ಕೂರದೆ ನೇರ ಆಸ್ಪತ್ರೆಗೆ. ಪ್ಯಾಕೆಟ್ ಮರೆಯಬೇಡಿ.

ಉತ್ತರ 3:
ನಾಯಿಗೆ ಮದ್ದು ಹಾಕಿದರೂ ಉಣ್ಣಿ ಮತ್ತೆ ಬಂದರೆ ಮದ್ದನ್ನು ಬೈಯಬೇಡಿ, ಗೋಡೆ ನೋಡಿ. ಕಂದು ಉಣ್ಣಿ ರಕ್ತ ಕುಡಿದು ಕೆಳಗೆ ಉದುರಿ, ಗೋಡೆಯ ಬಿರುಕು, ಬಾಗಿಲ ಚೌಕಟ್ಟು, ಮಂಚದ ಸಂದಿಗೆ ಹೋಗಿ ಸಾವಿರಾರು ಮೊಟ್ಟೆ ಇಡುತ್ತದೆ. ಸಂದಿಗಳನ್ನೆಲ್ಲ ವ್ಯಾಕ್ಯೂಮ್ ಮಾಡಿ, ಚಾಪೆ, ಹೊದಿಕೆ ಬಿಸಿನೀರಲ್ಲಿ ಒಗೆಯಿರಿ. ಉಣ್ಣಿ ಅಂತ ಮನೆಯೆಲ್ಲ ಹೊಡೆಯುವ ಸ್ಪ್ರೇಯಲ್ಲೂ ಪರ್ಮೆಥ್ರಿನ್ ಇರಬಹುದು, ಅದರ ಲೇಬಲ್ಲೂ ಓದಿ.

ಕಚ್ಚಿಕೊಂಡ ಉಣ್ಣಿಗೆ ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಚೂಪು ಚಿಮುಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ಹೊಟ್ಟೆ ಹಿಚುಕದೆ, ನಿಧಾನ ನೇರಕ್ಕೆ ಎಳೆಯಿರಿ. ಡ್ರಾಪ್ಸ್ ಹಾಕುವಾಗ ಕೂದಲು ಬಿಡಿಸಿ ಚರ್ಮಕ್ಕೇ ಬೀಳಬೇಕು. ಹಿಂದೆ ಮುಂದೆ ಎರಡೆರಡು ದಿನ ಶಾಂಪೂ ಸ್ನಾನ ಬೇಡ.