ಚಳಿಗೆ ಚರ್ಮ ಒಡೆಯುತ್ತಿದೆ, ಲೋಷನ್ ಹಚ್ಚಿದರೂ ನಿಲ್ಲುತ್ತಿಲ್ಲ

ಒಣಕೈ:
ಚಳಿ ಶುರುವಾದರೆ ಸಾಕು, ನನ್ನ ಮೊಣಕಾಲ ಕೆಳಗೆಲ್ಲ ಚರ್ಮ ಬೆಳ್ಳಗಾಗುತ್ತದೆ, ಉಗುರಲ್ಲಿ ಗೀರಿದರೆ ಗೆರೆ ಹಾಗೇ ನಿಲ್ಲುತ್ತದೆ. ರಾತ್ರಿ ಹೊದ್ದು ಮಲಗಿದ ಮೇಲೆ ತುರಿಕೆ. ಬೆರಳ ಗೆಣ್ಣಿನ ಮೇಲೆ ಸಣ್ಣ ಸಣ್ಣ ಬಿರುಕು, ಸೋಪು ತಾಗಿದರೆ ಚುರ್ ಅನ್ನುತ್ತದೆ. ದಿನಕ್ಕೆ ಎರಡು ಸಲ ಲೋಷನ್ ಹಚ್ಚುತ್ತೇನೆ, ಸ್ವಲ್ಪ ಹೊತ್ತಿಗೇ ಮತ್ತೆ ಒಣ ಒಣ. ನೀರು ಜಾಸ್ತಿ ಕುಡಿ ಅಂತ ಎಲ್ಲರೂ ಹೇಳುತ್ತಾರೆ, ಕುಡಿದು ಕುಡಿದು ರಾತ್ರಿ ಎದ್ದು ಓಡಾಡುವುದೇ ಆಯಿತು. ಯಾವ ಕ್ರೀಮ್ ಒಳ್ಳೆಯದು ಹೇಳ್ತೀರಾ?

ಬೆಳಗಿನಬಿಸಿಲು:
ಕ್ರೀಮ್ ವಿಷಯ ಆಮೇಲೆ. ಸ್ನಾನದ ನೀರು ಎಷ್ಟು ಬಿಸಿ?

ಒಣಕೈ:
ಹಬೆಯಾಡುವಷ್ಟು 😄 ಚಳಿಯಲ್ಲಿ ಇರುವುದೇ ಅದೊಂದು ಸುಖ, ಅದನ್ನೂ ಬಿಡು ಅನ್ನಬೇಡಿ.

ಬೆಳಗಿನಬಿಸಿಲು:
ಬಿಡಲೇಬೇಕು ಸಾರ್. ಚರ್ಮದ ಮೇಲ್ಪದರದ ಜೀವಕೋಶಗಳ ನಡುವೆ ಜಿಡ್ಡಿನ ಅಂಶ ಇರುತ್ತದೆ, ಒಳಗಿನ ತೇವ ಆರಿಹೋಗದಂತೆ ತಡೆಯುವುದು ಅದೇ. ಸುಡು ನೀರು ಮತ್ತು ಸೋಪು ಸೇರಿದರೆ ಅದು ತೊಳೆದುಹೋಗುತ್ತದೆ. ಹೊರಗಿನ ತಣ್ಣನೆ ಗಾಳಿಯಲ್ಲಿ ಮೊದಲೇ ತೇವ ಕಮ್ಮಿ, ಅದೇ ಗಾಳಿಯನ್ನು ಹೀಟರ್ ಹಾಕಿ ಬಿಸಿ ಮಾಡಿದರೆ ಇನ್ನೂ ಒಣ, ಚರ್ಮದಿಂದ ನೀರು ಎಳೆದುಕೊಳ್ಳುತ್ತದೆ. ಉಗುರುಬೆಚ್ಚಗಿನ ನೀರಲ್ಲಿ 5-10 ನಿಮಿಷದಲ್ಲಿ ಸ್ನಾನ ಮುಗಿಸಿ. ಸೋಪು ಕಂಕುಳು, ತೊಡೆಸಂದು, ಪಾದಕ್ಕೆ ಸಾಕು, ಕಾಲಿಗೆಲ್ಲ ದಿನಾ ತಿಕ್ಕುವ ಅಗತ್ಯ ಇಲ್ಲ.

ಆಮೇಲೆ ಟವೆಲ್‌ನಲ್ಲಿ ಉಜ್ಜಬೇಡಿ, ಒತ್ತಿ ಒರೆಸಿ. ಮೈ ಇನ್ನೂ ಹಸಿ ಹಸಿ ಇರುವಾಗಲೇ, ಬಚ್ಚಲಿಂದ ಹೊರಗೆ ಬರುವ ಮೊದಲೇ ಹಚ್ಚಿ. ಯಾವ ಕಂಪನಿಯದು ಅನ್ನುವುದಕ್ಕಿಂತ ಯಾವಾಗ ಹಚ್ಚುತ್ತೀರಿ ಅನ್ನುವುದೇ ಮುಖ್ಯ. ಲೋಷನ್‌ನಲ್ಲಿ ನೀರೇ ಜಾಸ್ತಿ, ಬೇಗ ಆರುತ್ತದೆ. ಚಳಿಗೆ ಗಟ್ಟಿ ಕ್ರೀಮ್ ಬೇಕು, ಗ್ಲಿಸರಿನ್, ಸೆರಮೈಡ್ (ಚರ್ಮದ ಆ ಜಿಡ್ಡಿನಲ್ಲೇ ಇರುವ ಒಂದು ಅಂಶ) ಇರುವಂಥದ್ದು, ಸುವಾಸನೆ ಹಾಕದ್ದು.

ಗಟ್ಟಿಮೊಸರು:
ಮೇಲಿನದಕ್ಕೆ ನನ್ನದೂ ಸಹಮತ, ಆದರೆ ಕೈಗೆ ಕ್ರೀಮ್ ಸಾಲುವುದಿಲ್ಲ. ದಿನಕ್ಕೆ ಎಷ್ಟು ಸಲ ತೊಳೆಯುತ್ತೀವಿ ಲೆಕ್ಕ ಹಾಕಿ! ಪಾತ್ರೆ ತೊಳೆಯುವಾಗ ರಬ್ಬರ್ ಗ್ಲೌಸ್, ಪ್ರತಿ ಸಲ ಕೈ ತೊಳೆದ ಮೇಲೆ ಸ್ವಲ್ಪ ಕ್ರೀಮ್, ಮಲಗುವ ಮುಂಚೆ ಬಿರುಕಿನ ಮೇಲೆ ಮಾಮೂಲಿ ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಮೆತ್ತಿ ಮೇಲೆ ಹತ್ತಿಯ ಗ್ಲೌಸ್. ಅಂಟಂಟು ಅನಿಸುತ್ತದೆ ನಿಜ, ಆದರೆ ತೇವ ಹಿಡಿದಿಡುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ತುಟಿಗೂ ಅದೇ ಹಚ್ಚಿ. ತುಟಿ ನೆಕ್ಕುವ ಅಭ್ಯಾಸ ಇದ್ದರೆ ಮೊದಲು ಬಿಡಿ, ಎಂಜಲು ಆರುವಾಗ ತುಟಿಯ ತೇವವೂ ಜೊತೆಗೇ ಹೋಗುತ್ತದೆ.

ಹಿಮ್ಮಡಿಗೆ ಯೂರಿಯಾ ಇರುವ ಕ್ರೀಮ್ ಚೆನ್ನಾಗಿ ಕೆಲಸ ಮಾಡುತ್ತದೆ. ಬಾಯಿ ಬಿಟ್ಟ ಬಿರುಕಿಗೆ ಮಾತ್ರ ಹಚ್ಚಬೇಡಿ, ಉರಿ ತಡೆಯಲಾಗದು.

ಸುಮ್ನೆಓದುವವಳು:
ನೀರಿನ ವಿಷಯಕ್ಕೆ ಒಂದು ಮಾತು. ಬಾಯಾರಿಕೆಗೆ ತಕ್ಕಷ್ಟು ಕುಡಿದರೆ ಸಾಕು, ಅದಕ್ಕಿಂತ ಜಾಸ್ತಿ ಕುಡಿದ ತಕ್ಷಣ ಕಾಲಿನ ಚರ್ಮ ಮೆತ್ತಗಾಗುವುದಿಲ್ಲ. ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಉಣ್ಣೆ ಬಟ್ಟೆ ನೇರ ಮೈಗೆ ತಾಗುತ್ತಿದೆಯಾ? ತುರಿಕೆಗೆ ಅದೂ ಕಾರಣ ಇರಬಹುದು, ಒಳಗೆ ಹತ್ತಿಯದು ಹಾಕಿ. ಹೀಟರ್ ಮುಂದೆ ಕಾಲು ಚಾಚಿ ಕೂರಬೇಡಿ. ಬಿಸಿಲು ಹಿತವಾಗಿದೆ ಅಂತ ಸನ್‌ಸ್ಕ್ರೀನ್ ಬಿಡುವವರೇ ಜಾಸ್ತಿ, ಆದರೆ ಚಳಿ ಇದ್ದರೂ ನೇರಳಾತೀತ ಕಿರಣ ಬೀಳುತ್ತಲೇ ಇರುತ್ತದೆ, ಹಿಮ ಬಿದ್ದ ಕಡೆಯಂತೂ ನೆಲದಿಂದ ಪುಟಿದು ಮುಖಕ್ಕೇ ಹೊಡೆಯುತ್ತದೆ. ಸನ್‌ಸ್ಕ್ರೀನ್‌ನ ಎಸ್‌ಪಿಎಫ್ (ಬಿಸಿಲು ಎಷ್ಟು ತಡೆಯುತ್ತದೆ ಅನ್ನುವ ಅಳತೆ) 30 ಆದರೂ ಇರಲಿ. ಮುಖಕ್ಕೆ ರೆಟಿನಾಲ್ (ಸುಕ್ಕಿಗೆ, ಮೊಡವೆಗೆ ಹಚ್ಚುವ ವಿಟಮಿನ್ ಎ ಬಗೆಯದು) ಹಚ್ಚುವವರು ಉರಿ, ಸಿಪ್ಪೆ ಏಳುವುದು ಕಂಡರೆ ದಿನ ಬಿಟ್ಟು ದಿನ ಮಾಡಿಕೊಳ್ಳಿ.

ಎರಡು ವಾರ ಇಷ್ಟೆಲ್ಲ ಮಾಡಿಯೂ ತುರಿಕೆ ನಿಲ್ಲದಿದ್ದರೆ, ಇಲ್ಲವೇ ಬಿರುಕಿನಲ್ಲಿ ರಕ್ತ, ಕೀವು ಕಂಡರೆ ಚರ್ಮದ ಡಾಕ್ಟರಿಗೆ ತೋರಿಸಿ. ಎಕ್ಸಿಮಾ (ಚರ್ಮ ಕೆಂಪಾಗಿ ತುರಿಸುವ ಕಾಯಿಲೆ) ಇದ್ದರೆ ಬರೀ ಕ್ರೀಮಿಗೆ ಬಗ್ಗುವುದಿಲ್ಲ.

ಒಣಕೈ:
ಉಣ್ಣೆ ಪ್ಯಾಂಟು ನೇರವಾಗಿಯೇ ಹಾಕುತ್ತಿದ್ದೇನೆ. ಇವತ್ತೇ ಬದಲಾಯಿಸುತ್ತೇನೆ. ಬಿಸಿ ನೀರಿಗೆ ಮಾತ್ರ ವಾರಕ್ಕೊಂದು ದಿನ ವಿನಾಯಿತಿ ಕೊಡಿ ಮಾರಾಯ್ರೇ.

ಬೆಳಗಿನಬಿಸಿಲು:
ಬಿರುಕು ಮಾಯಲಿ, ಆಮೇಲೆ ಚೌಕಾಸಿ ಮಾಡೋಣ.